ಇಲ್ಲದ ದೇಶದ ಜೈಲಿನಲ್ಲಿ ನನ್ನ ತಮ್ಮ

ನನ್ನ ತಮ್ಮನನ್ನು ಜೈಲಿಗೆ ಹಾಕಿದ್ದಾರೆ ಎಂದು ಗೊತ್ತಾದಾಗ ನಾನು ಕೆ.ಆರ್. ಪೇಟೆ ಮಾರ್ಕೆಟ್ಟಿನಲ್ಲಿ ದಂಟಿನ ಸೊಪ್ಪಿನವಳ ಜೊತೆ ಜಗಳ ಆಡುತ್ತಿದ್ದೆ. ಬಾಡಿದ ಕಟ್ಟುಗಳನ್ನು ಕೆಳಗಿಟ್ಟು ಮೇಲೆ ಹಸಿ ಕಟ್ಟು ಜೋಡಿಸಿದ್ದಳು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಕಾಲೇಜಿನ ಮಕ್ಕಳು ನನ್ನನ್ನು ಬೆನ್ನ ಹಿಂದೆ ಒಣಮೆಣಸಿನಕಾಯಿ ಅನ್ನುತ್ತಾರೆ, ನನಗೆ ಗೊತ್ತು. ಅಷ್ಟರಲ್ಲಿ ಫೋನು ಬಂತು. ತಮ್ಮನ ಹೆಂಡತಿ. "ಅತ್ತಿಗೆ, ಅವ್ರನ್ನ ಪೊಲೀಸ್ನೋರು ಹಿಡ್ಕೊಂಡೋಗವ್ರಂತೆ," ಅಂದಳು. ಯಾವ ದೇಶದ ಪೊಲೀಸಮ್ಮ ಅಂತ ಕೇಳಿದೆ. ಅವಳಿಗೆ ಹೇಳಲು ಬರಲಿಲ್ಲ. ಆಮೇಲೆ ನಾಲ್ಕು ತಿಂಗಳು ನನಗೂ ಬರಲಿಲ್ಲ.

ನಮ್ಮ ತೌರೂರು ಬಿಂಡಿಗನವಿಲೆಯಿಂದ ಎರಡು ಮೈಲಿ. ಮದುವೆಯಾಗಿ ಕೆ.ಆರ್. ಪೇಟೆಗೆ ಬಂದವಳು ಇಲ್ಲೇ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತಿದ್ದೇನೆ. ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅವ್ವ ಹೊಲಕ್ಕೆ ಹೋದಾಗ ಅವನನ್ನು ಸೊಂಟದ ಮೇಲೆ ಹೊತ್ತುಕೊಂಡು ಊರೆಲ್ಲ ತಿರುಗಿದವಳು ನಾನೇ. ಅವನಿಗೆ ಓದು ಹತ್ತಲಿಲ್ಲ, ಬೋರ್‌ವೆಲ್ ಲಾರಿ ಹತ್ತಿದ. ನೆಲಕ್ಕೆ ಕಿವಿಕೊಟ್ಟು, ಕೊರೆಯುವ ಸದ್ದಿನಲ್ಲೇ ಬಂಡೆ ಎಲ್ಲಿ ಮುಗಿಯುತ್ತದೆ ಅಂತ ಹೇಳುವಷ್ಟು ಕೆಲಸ ಕಲಿತ. ಆ ಕೊರೆಯುವ ಲಾರಿಯ, ಅಂದರೆ ರಿಗ್ಗಿನ, ಮಾಲೀಕ ಪಾಂಡವಪುರದವನು. ನಾಗಮಂಗಲದ ಕಲ್ಲು ಕೊರೆದವನಿಗೆ ಲೋಕದ ಯಾವ ನೆಲವಾದರೂ ಬೆಣ್ಣೆ ಅಂತ ಹೊಗಳಿ, ಎರಡು ರಿಗ್ಗು ಹಡಗಿಗೆ ಹಾಕಿ, ನನ್ನ ತಮ್ಮನನ್ನೂ ಇನ್ನು ಮೂವರನ್ನೂ ಆಫ್ರಿಕಾದ ಒಂದು ಮೂಲೆಗೆ ಕಳಿಸಿದ.

ಆ ನಾಡಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ದೇಶ ಅಂತ ಬರೆಯಬೇಕೋ ಪ್ರಾಂತ್ಯ ಅಂತ ಬರೆಯಬೇಕೋ ನನಗೆ ಇನ್ನೂ ಗೊತ್ತಿಲ್ಲ. ದೊಡ್ಡ ದೇಶವೊಂದರ ಜೊತೆ ಹೊಡೆದಾಡಿ ಬೇರೆಯಾದ ನಾಡು ಅದು. ಬಾವುಟ ಇದೆ, ನೋಟು ಇದೆ, ಓಟು ನಡೆಯುತ್ತದೆ, ಪೊಲೀಸರಿದ್ದಾರೆ, ಜೈಲೂ ಇದೆ. ನಮ್ಮ ಸರ್ಕಾರ ಮಾತ್ರ ಅದನ್ನು ದೇಶ ಅಂತ ಒಪ್ಪಿಲ್ಲ. ಅಣ್ಣತಮ್ಮಂದಿರು ಭಾಗವಾಗಿ ಬೇರೆ ಒಲೆ ಹಚ್ಚಿ ಎಷ್ಟೋ ವರ್ಷವಾದರೂ ಪಹಣಿ ಅಪ್ಪನ ಹೆಸರಲ್ಲೇ ಇರುತ್ತದಲ್ಲ, ಹಾಗೆ. ರಾಜ್ಯಕ್ಕೆ ನಾಲ್ಕು ಅಂಗ, ಜನ, ನೆಲ, ಸರ್ಕಾರ, ಪರಮಾಧಿಕಾರ ಅಂತ ಪ್ರತಿ ಜೂನಿನಲ್ಲೂ ಬೋರ್ಡಿನ ಮೇಲೆ ಬರೆಯುವವಳು ನಾನು. ಈ ನಾಲ್ಕರಲ್ಲಿ ಅದಕ್ಕೆ ಏನು ಕಮ್ಮಿ ಅಂತ ಕೇಳಿದರೆ ಉತ್ತರ ಗೊತ್ತಿಲ್ಲ. ಉತ್ತರ ಬೇಕಾದದ್ದು ಪರೀಕ್ಷೆಗಲ್ಲ, ನನ್ನ ತಮ್ಮನನ್ನು ಮನೆಗೆ ಕರೆತರುವುದಕ್ಕೆ.

ನಡೆದದ್ದು ಇಷ್ಟು. ಒಂದು ಹಳ್ಳಿಯಲ್ಲಿ ಕೊರೆದು ಮುಗಿಸಿ ಇನ್ನೊಂದು ಹಳ್ಳಿಗೆ ಲಾರಿ ಹೋಗುತ್ತಿತ್ತು. ಮಧ್ಯಾಹ್ನದ ಬಿಸಿಲು. ತಮ್ಮ ಡ್ರೈವರ್ ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗಿದ್ದ. ಲಾರಿ ಓಡಿಸುತ್ತಿದ್ದವನು ಅಲ್ಲಿಯವನೇ, ನಮ್ಮ ರಿಗ್ ಮಾಲೀಕನ ಅಲ್ಲಿನ ಪಾಲುದಾರನ ಭಾಮೈದ. ಮೇಕೆ ಹೊಡೆದುಕೊಂಡು ರಸ್ತೆ ದಾಟುತ್ತಿದ್ದ ಮುದುಕನೊಬ್ಬ ಚಕ್ರಕ್ಕೆ ಸಿಕ್ಕಿದ. ಓಡಿಸುತ್ತಿದ್ದವನು ಇಳಿದು ಓಡಿಹೋದ. ನನ್ನ ತಮ್ಮ ಎದ್ದು ಇಳಿದವನು ಮುದುಕನ ಬಾಯಿಗೆ ನೀರು ಬಿಡುತ್ತಾ, ಜೀವ ಹೋಗುವವರೆಗೂ ಅಲ್ಲೇ ಕೂತ. ಪೊಲೀಸರು ಬಂದಾಗ ಲಾರಿಯ ಹತ್ತಿರ ಇದ್ದವನು ಅವನೊಬ್ಬನೇ, ಲಾರಿಯ ಪರ್ಮಿಟ್ಟಿನಲ್ಲಿ ಇದ್ದ ಹೆಸರೂ ಅವನದೇ.

ಮೊದಲು ಓಡಿದ್ದು ಶ್ರೀರಂಗಪಟ್ಟಣಕ್ಕೆ. ನನ್ನ ಜೊತೆ ಓದಿದವನೊಬ್ಬ ಅಲ್ಲಿ ವಕೀಲ. ಅವನ ಆಫೀಸಿನಲ್ಲಿ ಹೆದ್ದಾರಿಯ ಸದ್ದಿಗೆ ಒಂದು ಮಾತನ್ನು ಎರಡು ಸಲ ಹೇಳಬೇಕು.

"ಅಲ್ಲಿ ನಮ್ಮ ರಾಯಭಾರಿ ಕಚೇರಿ ಇಲ್ಲ," ಅಂದ. "ತೆಗೆಯೋಕೂ ಆಗಲ್ಲ. ತೆಗೆದ್ರೆ ಅದನ್ನ ದೇಶ ಅಂತ ಒಪ್ಪಿದ ಹಾಗಾಗುತ್ತೆ."

"ಹಾಗಾದ್ರೆ ಬರೀಬೇಕಾದ್ದು ಯಾರಿಗೆ?"

"ಅದು ಯಾವ ದೇಶದಿಂದ ಬೇರೆ ಆಗಿದೆಯೋ ಆ ದೇಶಕ್ಕೆ ಬರಿ. ನಮ್ಮವರ ಮೂಲಕ."

ಬರೆದೆ. ಎರಡು ಪುಟ ಬರೆದೆ, ನನ್ನ ಇಂಗ್ಲಿಷಿನ ಅಷ್ಟೂ ಬಂಡವಾಳ ಸುರಿದು ಬರೆದೆ. ಆರು ವಾರಕ್ಕೆ ಉತ್ತರ ಬಂತು. ಆ ಪ್ರಾಂತ್ಯ ನಮ್ಮ ದೇಶದ್ದೇ, ಆದರೆ ನಮ್ಮ ಪೊಲೀಸರು ಈ ಹೆಸರಿನ ವ್ಯಕ್ತಿಯನ್ನು ಬಂಧಿಸಿಲ್ಲ, ನಮ್ಮ ಯಾವ ಜೈಲಿನಲ್ಲೂ ಆತ ಇಲ್ಲ. ಕಾಗದವನ್ನು ಮೂರು ಸಲ ಓದಿದೆ. ಒಂದು ಸುಳ್ಳು ಮಾತೂ ಇರಲಿಲ್ಲ ಅದರಲ್ಲಿ. ವಕೀಲನಿಗೆ ತೋರಿಸಿದರೆ ಕನ್ನಡಕ ಹಣೆಗೇರಿಸಿಕೊಂಡು ನಕ್ಕ. "ಕಾನೂನು ಪ್ರಕಾರ ನಿನ್ನ ತಮ್ಮ ಬಂಧನದಲ್ಲೇ ಇಲ್ಲ. ಸಂತೋಷ ಪಡು," ಅಂದ. ನಿನ್ನ ಬಾಯಿಗೆ ಮಣ್ಣು ಬೀಳ ಅಂತ ಬೈದು ಎದ್ದು ಬಂದೆ. ಬಸ್ಸಿನಲ್ಲಿ ಪಾಂಡವಪುರ ದಾಟುವವರೆಗೂ ಅವನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. ಆಮೇಲೆ ಯೋಚಿಸಿದರೆ ಅವನು ಹೇಳಿದ್ದು ತಮಾಷೆಯೂ ಅಲ್ಲ.

ತಮ್ಮನಿಗೆ ವಾರಕ್ಕೊಂದು ಸಲ ಫೋನು ಮಾಡಲು ಬಿಡುತ್ತಿದ್ದರು. ಜೈಲರು ತನ್ನದೇ ಫೋನು ಕೊಡುತ್ತಿದ್ದನಂತೆ. ನಮ್ಮ ಮನೆಯಲ್ಲಿ ಎಲ್ಲರೂ ಮೊದಲು ಕೇಳುತ್ತಿದ್ದದ್ದು ಹೊಡೆದರಾ ಅಂತ. ನಮ್ಮ ಜನಕ್ಕೆ ಪೊಲೀಸು ಅಂದರೆ ಮೊದಲು ನೆನಪಾಗುವುದು ಅದೇ.

"ಇಲ್ಲ ಕಣಕ್ಕ. ಒಂದ್ ದಿವ್ಸನೂ ಕೈ ಎತ್ತಿಲ್ಲ. ಅನ್ನ ಕೊಡ್ತಾವ್ರೆ, ಆಲು ಕೊಡ್ತಾವ್ರೆ. ಬಾಡೂ ಇರ್ತದೆ, ವಸಿ ನಾತ."

"ಮತ್ತೆ ಯಾವಾಗ ಬುಡ್ತಾರಂತ್ಲಾ?"

"ಕೋರ್ಟ್ನಾಗೆ ಕೇಳ್ತಾರಂತೆ. ವಸಿ ತಡೀರಿ ಕಣಕ್ಕ."

ಯಾವ ಕೋರ್ಟು? ಲೋಕ ಒಪ್ಪದ ದೇಶಕ್ಕೆ ಲೋಕ ಒಪ್ಪದ ಕೋರ್ಟು. ಅಲ್ಲಿ ನ್ಯಾಯ ಸಿಗದಿದ್ದರೆ ಮೇಲೆ ಕೇಳುವವರು ಯಾರು? ಮಾನವ ಹಕ್ಕುಗಳ ಪಾಠದಲ್ಲಿ ನಾನೇ ಮಕ್ಕಳಿಗೆ ಬರೆಸಿದ್ದೇನೆ, ಮಾನ್ಯತೆ ಇಲ್ಲದ ಕಡೆ ಹಕ್ಕುಗಳಿಗೆ ಭದ್ರತೆ ಇರುವುದಿಲ್ಲ ಅಂತ. ಕೆಳಗೆ ಗೆರೆ ಎಳೆಸಿದ್ದೇನೆ. ಅವನು ಹಾಲು ಕೊಡ್ತಾರೆ ಅಂದಷ್ಟೂ ನನಗೆ ಭಯ ಹೆಚ್ಚಿತು. ಬೆದರಿಸಿ ಹೇಳಿಸುತ್ತಿದ್ದಾರೆ ಅಂದುಕೊಂಡೆ.

ಆಗ ಪಾಂಡವಪುರದ ಮಾಲೀಕ ತಾನಾಗಿ ಮನೆಗೆ ಬಂದ. ಅಲ್ಲಿನ ಪಾಲುದಾರ ಒಂದು ದಾರಿ ಹೇಳಿದ್ದಾನಂತೆ. ಆ ನಾಡಿನಲ್ಲಿ ಸಾವು ನೋವು ಆದಾಗ ಕೋರ್ಟಿಗಿಂತ ಮೊದಲು ಎರಡೂ ಕುಲದ ಹಿರಿಯರು ಮರದ ಕೆಳಗೆ ಕೂತು ಮಾತಾಡುತ್ತಾರೆ. ಸತ್ತವನ ಕಡೆಗೆ ಒಂಟೆ ಲೆಕ್ಕದಲ್ಲಿ ಪರಿಹಾರ. ಅದನ್ನು ಪಾಲುದಾರನೇ ನೋಡಿಕೊಳ್ಳುತ್ತಾನೆ. ಹಿರಿಯರು ಒಪ್ಪಿಕೊಂಡರೆ ಕೋರ್ಟು ಮೊಹರು ಒತ್ತಿ ಬಿಟ್ಟುಬಿಡುತ್ತದೆ.

"ಮತ್ತೆ ಕೊಟ್ಟು ಮುಗಿಸಿ," ಅಂದೆ.

"ಅಂಗಲ್ಲ ಮೇಡಂ. ಇವನ ಕುಲದೋರು ಯಾರು ಅಂತ ಕೇಳ್ತಾವ್ರೆ. ಸತ್ತೋನ ಕಡೆ ಇಪ್ಪತ್ತು ಜನ ಹಿರಿಯರು ಕುಂತವ್ರೆ. ಇವನ ಕಡೆ ಕೂರೋರು ಬೇಕಲ್ಲ. ಇಲ್ದಿದ್ರೆ ಯಾರ ಕೈಗೆ ಒಪ್ಪಿಸ್ತಾರೆ? ಫೋನ್ನಲ್ಲಾದ್ರೂ ಸರಿಯಂತೆ."

ನಮ್ಮ ತಂದೆ ತೀರಿಕೊಂಡಿದ್ದಾರೆ. ಕುಲದ ಹಿರಿಯ ಅಂದರೆ ಊರಿನಲ್ಲಿ ಒಬ್ಬನೇ, ಯಜಮಾನ. ಅವನ ಹತ್ತಿರ ನಾನು ಮಾತಾಡಿ ಇಪ್ಪತ್ತು ವರ್ಷವಾಗಿತ್ತು. ಯಾಕೆ ಅಂದರೆ, ನಮ್ಮೂರ ಕೆಳಗಿನ ಬೀದಿಯ ಒಬ್ಬ ಹೆಂಗಸು ಗಂಡನ ಏಟು ತಾಳಲಾರದೆ ಊರ ನ್ಯಾಯ ಬಿಟ್ಟು ಸ್ಟೇಷನ್ನಿಗೆ ಹೋಗಿದ್ದಳು. ನಮ್ಮನ್ನ ಮೀರಿದಳು ಅಂತ ಯಜಮಾನ ಆ ಮನೆಗೆ ಬಹಿಷ್ಕಾರ ಹಾಕಿದ. ಬೆಂಕಿ ಇಲ್ಲ, ನೀರಿಲ್ಲ, ಕೂಲಿಗೆ ಕರೆಯುವ ಹಾಗಿಲ್ಲ. ಆಗಷ್ಟೇ ಕೆಲಸಕ್ಕೆ ಸೇರಿದ್ದ ನಾನು ಅರ್ಜಿ ಬರೆದು ಕೊಟ್ಟೆ, ತಹಸೀಲ್ದಾರರು ಜೀಪಿನಲ್ಲಿ ಬಂದು ಯಜಮಾನನನ್ನು ಊರ ಮುಂದೆ ನಿಲ್ಲಿಸಿ ಗದರಿದರು. ಈ ಕಾಲದಲ್ಲಿ ನಿನ್ನನ್ನ ಯಾರು ನ್ಯಾಯ ಹೇಳೋಕೆ ಇಟ್ಟವರು ಅಂತ ನಾನೂ ಒಂದು ಮಾತು ಸೇರಿಸಿದ್ದೆ. ಈಗ ಅದೇ ಬಾಗಿಲಿಗೆ ಹೋಗಿ ನಿಂತೆ.

ಮುದುಕ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ. ಎಂಬತ್ತು ದಾಟಿದೆ. ನನ್ನನ್ನು ನೋಡಿ, ಕೂರು ಅಂತ ಕಣ್ಣಲ್ಲೇ ತೋರಿಸಿದ. ಎಲ್ಲ ಹೇಳಿದೆ.

"ಅಲ್ಲಿ ಸರ್ಕಾರ ಇಲ್ವೇನವ್ವ?" ಅಂದ.

"ಅದೆ. ಆದ್ರೆ ಯಾರೂ ಒಪ್ಪಿಲ್ಲ."

ಎರಡು ಬೀಜ ಬಿಡಿಸಿ ಮೊರಕ್ಕೆ ಹಾಕಿದ. "ನನ್ನೂ ಯಾರೂ ಒಪ್ಪಿಲ್ಲ. ಅರ್ಜಿ ಹಾಕ್ದೋಳು ನೀನೆ," ಅಂದ.

ನಾನು ತಲೆ ತಗ್ಗಿಸಿದೆ. ಅವನು ನಗಲೂ ಇಲ್ಲ, ಚುಚ್ಚಲೂ ಇಲ್ಲ. "ಅವ್ನು ನಮ್ಮೂರ ಹೈದ ಕಣವ್ವ. ಯಾವತ್ತು ಕೂರ್ಬೇಕು ಯೋಳು," ಅಂದ.

ಒಂದು ಸೋಮವಾರ ಬೆಳಿಗ್ಗೆ ಅಂತ ಗೊತ್ತಾಯಿತು. ಯಜಮಾನನ ಜಗಲಿಯ ಮೇಲೆ ಹನ್ನೊಂದು ಜನ ಗಂಡಸರು ಮಡಿಸಿದ ಪಂಚೆ, ಹೆಗಲ ಮೇಲೆ ಟವಲು ಹಾಕಿಕೊಂಡು ಕೂತರು. ನ್ಯಾಯದ ಜಗಲಿಯ ಮೇಲೆ ಹೆಂಗಸು ಕೂರುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಇಂಗ್ಲಿಷು ಬರುವವಳು ನಾನೊಬ್ಬಳೇ. ಸ್ವಲ್ಪ ಹೊತ್ತು ಗುಸುಗುಸು ಆಯಿತು. ಕೊನೆಗೆ ಕಂಬದ ಪಕ್ಕ ಒಂದು ಮಣೆ ಹಾಕಿಸಿದರು, ಜಗಲಿಯ ಮೇಲೂ ಅಲ್ಲ, ಕೆಳಗೂ ಅಲ್ಲ. ಫೋನನ್ನು ರಾಗಿ ಅಳೆಯುವ ಸೇರಿಗೆ ಒರಗಿಸಿ ನಿಲ್ಲಿಸಿದರು. ಮುಂದೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ.

ಪರದೆಯ ಮೇಲೆ ಅವರು ಕಾಣಿಸಿದರು. ಮುಳ್ಳಿನ ಮರ, ಕೆಳಗೆ ಚಾಪೆ, ಗೋರಂಟಿ ಹಚ್ಚಿ ಕೆಂಪಾದ ಗಡ್ಡದ ಮುದುಕರು, ಕೈಯಲ್ಲಿ ಊರುಗೋಲು. ನಮ್ಮ ಹನ್ನೊಂದು ಜನ ಅವರನ್ನು ನೋಡಿದರು, ಅವರು ನಮ್ಮವರನ್ನು ನೋಡಿದರು. ಎರಡೂ ಕಡೆಯವರು ಒಂದೇ ಹೊತ್ತಿಗೆ ಸರಿದು ನೆಟ್ಟಗೆ ಕೂತರು. ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಒಬ್ಬ ನಡುವಯಸ್ಸಿನವನಿದ್ದ. ಹುಡುಗನಾಗಿದ್ದಾಗ ಮೈಸೂರಿನಲ್ಲಿ ಓದಿದ್ದನಂತೆ. "ಊಟ ಆಯ್ತಾ?" ಅಂದ ಕನ್ನಡದಲ್ಲಿ, ಅವನಿಗೆ ಉಳಿದಿದ್ದ ಕನ್ನಡ ಅಷ್ಟೇ. ಜಗಲಿಯ ಮೇಲಿದ್ದವರೆಲ್ಲ ಸಡಿಲವಾದರು.

ಮೊದಲು ಊರು, ಮಳೆ, ದನಕರು ವಿಚಾರಿಸಿದರು. ಇವನು ಯಾರ ಮಗ, ಯಾರ ಮೊಮ್ಮಗ ಅಂತ ಕೇಳಿದರು. ಯಜಮಾನ ಏಳು ತಲೆ ಹೇಳಿದ. ನಮ್ಮ ಮುತ್ತಾತನ ಅಪ್ಪನ ಹೆಸರು ನಾನು ಕೇಳಿದ್ದು ಅವತ್ತೇ ಮೊದಲು. ಆ ಕಡೆಯವರಿಗೆ ಇದು ಬಹಳ ಹಿಡಿಸಿತು, ತಲೆ ಆಡಿಸಿದರು. ನಾನು ಮಧ್ಯೆ ಒಂದು ಮಾತು ಕೇಳಿದೆ, ಯಾರನ್ನೂ ಕೇಳದೆ: ಸತ್ತವರ ಹೆಂಡತಿ ಅಲ್ಲಿದ್ದಾರಾ ಅಂತ. ಆತ ತಿರುಗಿ ವಿಚಾರಿಸಿ, "ಆಕೆಯ ಹಿರಿಯರು ಇದ್ದಾರೆ," ಅಂದ. ಕೆಳಗಿನ ಬೀದಿಯ ಹೆಂಗಸಿನ ವಿಷಯದಲ್ಲಿ ಯಜಮಾನ ತಹಸೀಲ್ದಾರರಿಗೆ ಕೊಟ್ಟ ಉತ್ತರವೂ ಇದೇ ಆಗಿತ್ತು. ಅವತ್ತು ಅರ್ಜಿ ಬರೆದಿದ್ದೆ. ಇವತ್ತು ತೆಪ್ಪಗಾದೆ.

ಆಮೇಲೆ ಯಜಮಾನ ತಟ್ಟೆಯನ್ನು ಫೋನಿನ ಕಡೆಗೆ ಸರಿಸಿ, ಎರಡೂ ಕೈ ಜೋಡಿಸಿ, "ತಪ್ಪಾಯ್ತು ಸ್ವಾಮಿ," ಅಂದ. ಹನ್ನೊಂದೂ ಜನ ಕೈ ಜೋಡಿಸಿದರು.

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಆ ಕಡೆಯವನು, ಏನಂದರು ಅಂತ ಕೇಳಿದ.

"ಯೋಳವ್ವ," ಅಂದ ಯಜಮಾನ.

"ಅವನು ಗಾಡೀನೇ ಓಡಿಸ್ಲಿಲ್ವಲ್ಲ. ತಪ್ಪು ಎಂಗೆ ಒಪ್ಪದು?"

"ಗೊತ್ತು ಕಣವ್ವ. ಮದ್ಲು ತಪ್ಪಾಯ್ತು ಅನ್ಬೇಕು. ಆಮೇಕಲ್ವ ಮಾತು? ನಿಮ್ಮಪ್ಪ ಎಂಗೆ ಮಾಡ್ದ, ನೆನಪಿಲ್ವ ನಿಂಗೆ?"

ನೆನಪಿತ್ತು. ನಮ್ಮ ಕಡೆ ನ್ಯಾಯ ಅಂದರೆ ಹಾಗೇ. ತಪ್ಪು ಮಾಡಿರಲಿ ಬಿಡಲಿ, ಯಾರ ಮೇಲೆ ದೂರು ಇದೆಯೋ ಅವರ ಕಡೆಯವರು ಮೊದಲು ಎಲೆ ಅಡಿಕೆ ಇಟ್ಟು ತಪ್ಪಾಯ್ತು ಅನ್ನಬೇಕು. ಅದು ಬಾಗಿಲು ತಟ್ಟಿದ ಹಾಗೆ ಅಷ್ಟೆ. ಆಗ ಎದುರು ಕಡೆಯ ಹಿರಿಯ ತಟ್ಟೆ ಮುಟ್ಟಿ, "ಏಳಪ್ಪ, ಈಗ ಏನ್ ನಡೀತು ಯೋಳು" ಅನ್ನುತ್ತಾನೆ. ನಿಜ ಹೊರಗೆ ಬರುವುದು ಆಮೇಲೆ. ಬದುವಿನ ಜಗಳದಲ್ಲಿ ನಮ್ಮಪ್ಪ ತನ್ನದಲ್ಲದ ತಪ್ಪನ್ನು ಒಪ್ಪಿ ಕೈ ಮುಗಿದದ್ದನ್ನು ಗೋಡೆಯ ಸಂದಿಯಿಂದ ನೋಡಿ ನಾನು ಅತ್ತಿದ್ದೆ. ಆದರೆ ಆಮೇಲೆ ಅವನು ಎದ್ದು ನಿಂತು ಎಲ್ಲ ಹೇಳಿದ, ಎದುರಿನವರು ಕೇಳಿದರು, ಬದು ನಮಗೇ ಬಂತು. ಸ್ಟೇಷನ್ನು, ಕೋರ್ಟುಗಳಲ್ಲಿ ಹತ್ತು ವರ್ಷ ಅಲೆದರೂ ಹಾಗೆ ಆಗುವುದಿಲ್ಲ ಅಂತ ಊರವರು ಇವತ್ತಿಗೂ ಹೇಳುತ್ತಾರೆ.

ತಮ್ಮ ಕಂಬಿ ಹಿಂದೆ ಸೇರಿ ನಾಲ್ಕು ತಿಂಗಳಾಗುತ್ತಾ ಬಂದಿತ್ತು. ಹನ್ನೊಂದು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಬಾಗಿಲ ಹಿಂದೆ ತಮ್ಮನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ನಾನು ಇಂಗ್ಲಿಷಿನಲ್ಲಿ, ಪಾಠ ಹೇಳುವ ಧ್ವನಿಯಲ್ಲೇ, ಸ್ಪಷ್ಟವಾಗಿ ಹೇಳಿದೆ: "ತಪ್ಪು ನಮ್ಮ ಹುಡುಗನದೇ. ನಾವು ಒಪ್ಪುತ್ತೇವೆ. ನಮ್ಮನ್ನು ಕ್ಷಮಿಸಿ."

ಹೇಳಿ ಕಾದೆ. ಈಗ ಕೇಳುತ್ತಾರೆ, ಏನು ನಡೆಯಿತು ಹೇಳು ಅಂತ. ಹಲಗೆಯ ಮೇಲೆ ಮಲಗಿದ್ದದ್ದು, ಭಾಮೈದ ಓಡಿಹೋದದ್ದು, ಬಾಯಿಗೆ ನೀರು ಬಿಟ್ಟದ್ದು, ಎಲ್ಲವನ್ನೂ ಹೇಳಲು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ.

ಅವರು ಕೇಳಲಿಲ್ಲ. ಕೆಂಪು ಗಡ್ಡದವರು ತಮ್ಮತಮ್ಮಲ್ಲಿ ಎರಡು ಮಾತಾಡಿ, ಅಂಗೈ ಮೇಲೆ ಮಾಡಿ ಪ್ರಾರ್ಥನೆ ಹೇಳಿ, ಮುಖ ಸವರಿಕೊಂಡರು. ಒಬ್ಬ ಮುದುಕ ಕಣ್ಣೊರೆಸಿಕೊಂಡ. ಮೈಸೂರಿನಲ್ಲಿ ಓದಿದವನು "ಮುಗಿಯಿತು ಮೇಡಂ, ಸಮಾಧಾನವಾಯಿತು," ಅಂದ. "ಇನ್ನೂ ಹೇಳೋದಿದೆ," ಅಂದೆ. ಅಷ್ಟು ಹೊತ್ತಿಗೆ ಚಾಪೆಯಿಂದ ಎಲ್ಲರೂ ಎದ್ದಿದ್ದರು. ಪರದೆಯ ಮೇಲೆ ಮರದ ಕೊಂಬೆ ಕಂಡು, ಆಕಾಶ ಕಂಡು, ಫೋನು ನಿಂತುಹೋಯಿತು.

ಜಗಲಿಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ತಟ್ಟೆ ಮುಟ್ನಿಲ್ವಲ್ಲ ಅವ್ರು," ಅಂದ ಯಜಮಾನ. ಅವನಿಗೂ ಗೊಂದಲವಾಗಿತ್ತು. ಎಷ್ಟು ಹೊತ್ತಾದರೂ ಆ ಎಲೆ ಅಡಿಕೆಯನ್ನು ಏನು ಮಾಡಬೇಕು ಅಂತ ಯಾರಿಗೂ ತೋಚಲಿಲ್ಲ. ಕೊನೆಗೆ ದನಕ್ಕೆ ಹಾಕಿದರು ಅಂತ ಕಾಣುತ್ತದೆ.

ಒಂಬತ್ತನೆಯ ದಿನ ತಮ್ಮನನ್ನು ಬಿಟ್ಟರು. ಯಾವ ರಾಯಭಾರಿಯೂ ಬೇಕಾಗಲಿಲ್ಲ, ನನ್ನ ಎರಡು ಪುಟದ ಇಂಗ್ಲಿಷೂ ಬೇಕಾಗಲಿಲ್ಲ. ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಅವನು ಇಳಿದಾಗ ನಾನು ಗುರುತು ಹಿಡಿಯಲಿಲ್ಲ, ಅಷ್ಟು ಕರಗಿದ್ದ. ಹೆಂಡತಿ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಊರಿನಲ್ಲಿ ಅವನನ್ನು ಯಜಮಾನನ ಮನೆಗೇ ಮೊದಲು ಕರೆದುಕೊಂಡು ಹೋದರು. ಅವನು ಕಾಲಿಗೆ ಬಿದ್ದ. ಮುದುಕ ಬೆನ್ನು ತಟ್ಟಿದ. ನಾನೂ, ತಡೆಯಲಾರದೆ, ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಕೆಳಗಿನ ಬೀದಿಯ ಆ ಹೆಂಗಸು ತನ್ನ ಮನೆ ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು. ಅವಳ ಕಡೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಆ ವರ್ಷ ತರಗತಿಯಲ್ಲಿ ಬಾಯಿ ತಡವರಿಸಿತು. ಊರ ನ್ಯಾಯ ಕಾನೂನುಬಾಹಿರ ಅಂತ ಪುಸ್ತಕದಲ್ಲಿದ್ದದ್ದನ್ನು ಓದಿ ಮುಂದೆ ಹೋದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಮಾನ್ಯತೆ ಇಲ್ಲದಿದ್ದರೆ ಅದು ಸರ್ಕಾರ ಹೇಗಾಗುತ್ತೆ ಮಿಸ್ ಅಂತ ಕೇಳಿದಳು. ಸಿಲಬಸ್ಸಿನಲ್ಲಿ ಇಲ್ಲದ್ದು ಕೇಳಬೇಡ ಅಂತ ರೇಗಿದೆ.

ತಮ್ಮ ಮೂರು ತಿಂಗಳು ನನ್ನ ಮನೆಗೆ ಬರಲಿಲ್ಲ. ಫೋನು ಮಾಡಿದರೆ ಹೂಂ, ಉಹೂಂ. ರಿಗ್ಗಿನ ಕೆಲಸಕ್ಕೆ ಹೋಗುತ್ತಿರಲಿಲ್ಲ. ಕುರಿ ಕಟ್ಟಿದ್ದ, ಬೆಳಿಗ್ಗೆ ಹೊಡೆದುಕೊಂಡು ಹೋದರೆ ಸಂಜೆಗೆ ಬರುತ್ತಾನೆ ಅಂತ ಅವನ ಹೆಂಡತಿ ಹೇಳಿದಳು. ಜೈಲಿನ ನೋವು ಇಳಿಯಲಿ ಅಂತ ಸುಮ್ಮನಿದ್ದೆ. ಒಂದು ಭಾನುವಾರ ಮಧ್ಯಾಹ್ನ ತಾನೇ ಬಂದ. ಮುದ್ದೆ, ಉಪ್ಸಾರು ಬಡಿಸಿದೆ. ಉಂಡ. ಆಮೇಲೆ ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ಮುಂದಿಟ್ಟ. ಆ ನಾಡಿನ ಮೊಹರು, ಅವರ ಲಿಪಿ, ಕೆಳಗೆ ಇಂಗ್ಲಿಷು. ಓದಿದೆ. ಚಾಲಕ ಇವನೇ, ಅಜಾಗರೂಕತೆಯಿಂದ ಸಾವಿಗೆ ಕಾರಣನಾದ, ಕುಟುಂಬದವರು ಒಪ್ಪಿಕೊಂಡಿದ್ದಾರೆ, ಸತ್ತವನ ಕಡೆಯವರು ಕ್ಷಮಿಸಿದ್ದಾರೆ, ಆದ್ದರಿಂದ ಬಿಡುಗಡೆ.

"ಇದನ್ಯಾಕ್ಲಾ ಇಟ್ಕೊಂಡಿದ್ದೀಯ? ಅರ್ದಾಕು," ಅಂದೆ. "ಇದು ಇಲ್ಲಿ ಎಲ್ಲೂ ನಡೆಯಲ್ಲ. ಆ ದೇಶನೇ ಇಲ್ಲ ಕಣ್ಲಾ."

"ಸತ್ತೋನು ಇದ್ನಲ್ಲಕ್ಕ," ಅಂದ.

ಅವನು ನಿಧಾನವಾಗಿ, ತಲೆ ಎತ್ತದೆ ಹೇಳುತ್ತಾ ಹೋದ. ಸತ್ತ ಮುದುಕನ ಹೆಂಡತಿ ಅವತ್ತು ಮೇಕೆಗಳ ಹಿಂದೆ ಬರುತ್ತಿದ್ದಳಂತೆ. ಲಾರಿಯಿಂದ ಇಳಿದು ಓಡಿದವನನ್ನು ಕಣ್ಣಾರೆ ನೋಡಿದ್ದಳು. ಒಂದು ದಿನ ಜೈಲಿಗೆ ಬಂದು ಇವನ ಮುಖ ನೋಡಿ, ಇವನಲ್ಲ, ಇವನು ನೀರು ಕೊಟ್ಟವನು ಅಂತ ಪೊಲೀಸರಿಗೆ ಬರೆಸಿಹೋಗಿದ್ದಳು. ಜಡ್ಜು ಅವಳನ್ನು ಕೇಳಲು ದಿನ ಗೊತ್ತು ಮಾಡಿದ್ದ. ನಾವು ಜಗಲಿಯ ಮೇಲೆ ಕೂತ ಸೋಮವಾರ ಕಳೆದು ಮೂರನೇ ದಿನ, ಗುರುವಾರ. ಪಾಲುದಾರನಿಗೆ ಭಾಮೈದನನ್ನು ಉಳಿಸಿಕೊಳ್ಳಬೇಕಿತ್ತು, ಅವಸರ ಅವನಿಗಿತ್ತು. ಪಾಂಡವಪುರದವನಿಗೆ ಇದು ಗೊತ್ತಿತ್ತೋ ಇಲ್ಲವೋ, ಇವನಿಗೂ ತಿಳಿಯದು, ನನಗೂ ತಿಳಿಯದು. ಹಿರಿಯರ ಮಾತು ಮುಗಿದ ಮೇಲೆ ಆ ಹೆಂಗಸನ್ನು ಕೇಳುವ ಅಗತ್ಯ ಬೀಳಲಿಲ್ಲ. ಆದರೂ ಅವಳು ಗುರುವಾರ ಕೋರ್ಟಿಗೆ ಬಂದು ಹೊರಗೆ ಕೂತಿದ್ದಳಂತೆ.

"ಒಂದು ಮಾತು ನಂಗ್ಯಾಕ್ಲಾ ಯೋಳ್ನಿಲ್ಲ?" ಅಂದೆ. ಕೂಗಿದೆ ಅಂತಲೇ ಹೇಳಬೇಕು.

"ತಡೀರಿ ಅಂದ್ನಲ್ಲಕ್ಕ. ಜೈಲರು ಎರಡು ನಿಮಿಷಕ್ಕೆ ಫೋನ್ ಈಸ್ಕೊತಿದ್ದ, ನೀವು ಒಡುದ್ರಾ ಅಂತ್ಲೇ ಕೇಳ್ತಿದ್ರಿ, ಇನ್ನೇನ್ ಯೋಳ್ಲಿ?"

"ಕೋರ್ಟ್ನಲ್ಲಾದ್ರೂ ಬಾಯಿ ಬುಡ್ಬೇಕಾಗಿತ್ತು. ನಾನಲ್ಲ ಅನ್ಬೇಕಾಗಿತ್ತು."

"ಅಂದೆ. ಮದ್ಲು ಅಂಗೇ ಅಂದೆ," ಅಂದ. "ಆಗ ಜಡ್ಜು ಒಂದು ಫೋನು ತರಿಸ್ದ. ಮೈಸೂರ್ನಾಗೆ ಓದಿದ್ನಲ್ಲ, ಅವ್ನು ಎಲ್ಲಾ ರೆಕಾಡು ಮಾಡ್ಕೊಂಡಿದ್ದ. ಹಾಕಿ ಕೇಳಿಸ್ದ. ಇದು ಯಾರ ದನಿ ಅಂದ. ನಮ್ಮಕ್ಕ ಅಂದೆ. ಏನ್ ಮಾಡ್ತಾರೆ ಅಂದ. ಕಾಲೇಜ್ನಾಗೆ ಕಾನೂನು ಪಾಠ ಮಾಡ್ತಾರೆ ಅಂದೆ."

ಅವನು ಲೋಟದ ನೀರು ಕುಡಿದು ಕೆಳಗಿಟ್ಟ. ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡಿದ.

"ನೀನು ಓಡಿಸ್ಲಿಲ್ಲ ಅಂತೀಯ, ನಿಮ್ಮಕ್ಕ ನಿಂದೇ ತಪ್ಪು ಅಂತಾವ್ರೆ, ಇಬ್ಬರಲ್ಲಿ ಸುಳ್ಳು ಯೋಳ್ತಿರೋರು ಯಾರು ಅಂತ ಕೇಳ್ದ."

"ನೀನೇನಂದೆ?"

"ನಿನ್ನ ಸುಳ್ಳಿ ಅಂತ ನಾನೆಂಗಕ್ಕ ಅನ್ಲಿ? ನಾನೇ ಸಾರ್ ಅಂದ್ಬುಟ್ಟೆ."